ಬೆಲ್ಟು ಕಟ್ಟಿ ಎಂದ ಕಾನೂನು, ಬೆಲ್ಟು ಸರಿಯಿರಲಿ ಎಂದದ್ದು ಯಾವಾಗ?

2022ರ ಡಿಸೆಂಬರಿನಲ್ಲಿ ಟೊಯೋಟ ಕಿರ್ಲೋಸ್ಕರ್ ಕಂಪನಿ 994 ಹೈರೈಡರ್ ಕಾರುಗಳನ್ನು ವಾಪಸ್ ಕರೆಸಿತು. ಮುಂದಿನ ಸೀಟಿನ ಬೆಲ್ಟನ್ನು ಭುಜದ ಎತ್ತರಕ್ಕೆ ಹೊಂದಿಸುವ ಭಾಗದಲ್ಲಿ ದೋಷ ಇರಬಹುದು ಎಂಬುದು ಕಾರಣ. ಇದೇ ಕಾರಣಕ್ಕೆ ಮಾರುತಿ ಸುಜುಕಿ ಕೂಡ ಅದೇ ತಿಂಗಳು ಎರ್ಟಿಗಾ, ಬ್ರೆಝಾ, ಸಿಯಾಜ್, ಗ್ರ್ಯಾಂಡ್ ವಿಟಾರಾ ಸೇರಿ 9,125 ಕಾರುಗಳನ್ನು ಕರೆಸಿತು. 2023ರ ಜನವರಿಯಲ್ಲಿ ಹಿಂದಿನ ಸೀಟಿನ ಸರದಿ ಬಂತು. ಬೆಲ್ಟನ್ನು ಹಿಡಿದಿಡುವ ಬ್ರಾಕೆಟ್ ಬಳಸುತ್ತಾ ಸಡಿಲವಾಗಬಹುದೆಂದು 11,177 ಗ್ರ್ಯಾಂಡ್ ವಿಟಾರಾ, 4,026 ಹೈರೈಡರ್ ಮತ್ತೆ ಸರ್ವಿಸ್ ಸೆಂಟರ್ ಕಡೆ ಹೊರಟವು. ಈ ಎರಡೂ ಮಾದರಿ ತಯಾರಾಗುವುದು ನಮ್ಮ ಬಿಡದಿಯಲ್ಲೇ.

ಮಾರಿದ ಗಾಡಿಯಲ್ಲಿ ದೋಷ ಕಂಡಾಗ ಕಂಪನಿಯೇ ಕರೆಸಿ ಪುಕ್ಕಟೆ ಸರಿಪಡಿಸಿ ಕೊಡುವುದಕ್ಕೆ ‘ರಿಕಾಲ್’ ಎನ್ನುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಗಾಡಿ ಓಡಿಸುವ ನಾವು ಇದರ ಚರಿತ್ರೆ ತಿಳಿದಿರಬೇಕು. ಏಕೆಂದರೆ ಇದು ತೀರಾ ತಡವಾಗಿ ಬಂದ ಹಕ್ಕು.

ಬೆಲ್ಟು ಬಂದ ದಾರಿ

ಹೆಗಲಿನಿಂದ ಎದೆಯ ಮೇಲೆ ಇಳಿದು ಸೊಂಟ ಬಳಸುವ ಈಗಿನ ಬೆಲ್ಟನ್ನು ರೂಪಿಸಿದವರು ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್. 1959ರಲ್ಲಿ ವೋಲ್ವೊ ಕಾರಿಗೆ ಅದು ಬಂತು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಿಕೊಳ್ಳಲಿ ಎಂದು ವೋಲ್ವೊ ಬಿಟ್ಟುಕೊಟ್ಟಿತು.

ನಮ್ಮಲ್ಲಿ ಆಗ ಅಂಬಾಸಿಡರ್, ಜೀಪುಗಳ ಕಾಲ. ಭಾರತದಲ್ಲಿ ತಯಾರಾಗುವ ಕಾರುಗಳ ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರ ಮಾರ್ಚ್ 25ರಿಂದ. ಹಿಂದಿನ ಸೀಟಿಗೆ ಬಂದದ್ದು 2002ರಲ್ಲಿ.

ಬೆಲ್ಟು ಅಂದರೆ ಬರೀ ಪಟ್ಟಿ ಅಲ್ಲ. ಪಟ್ಟಿಯನ್ನು ಸುತ್ತಿಕೊಳ್ಳುವ ರೀಲು, ಗಕ್ಕನೆ ಎಳೆದಾಗ ಆ ರೀಲನ್ನು ಹಿಡಿಯುವ ಲಾಕ್, ಬಕಲ್, ಕಾರಿನ ಮೈಗೆ ಬಿಗಿದ ಬೋಲ್ಟು ಇಷ್ಟೂ ಸೇರಿ ಬೆಲ್ಟು. ಇದರಲ್ಲಿ ಒಂದು ಕೈಕೊಟ್ಟರೂ ಉಳಿದವು ಇದ್ದೂ ಇಲ್ಲದಂತೆ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಎದುರಿಗೆ ಲಾರಿ ಬಂದ ಹೊತ್ತಿನಲ್ಲಿ ಅದನ್ನು ಪರೀಕ್ಷಿಸಲು ಆಗುವುದಿಲ್ಲ.

ದೋಷ ಯಾರದ್ದು?

ಬೆಲ್ಟು ಕೆಟ್ಟರೆ ಹೊಣೆ ಕಂಪನಿಯದು ಎಂಬ ಮಾತು ಅಮೆರಿಕದಲ್ಲಿ ಮೊದಲೇ ಕಾನೂನಾಯಿತು. ದೋಷ ಗೊತ್ತಾದರೆ ಮಾಲೀಕರಿಗೆ ತಿಳಿಸಲೇಬೇಕೆಂದು 1966ರ ಕಾಯ್ದೆ ಹೇಳಿತು. ಪುಕ್ಕಟೆ ಸರಿಪಡಿಸಲೇಬೇಕೆಂದು 1974ರ ತಿದ್ದುಪಡಿ ಹೇಳಿತು. ಆ ಕಾನೂನಿನ ಬಲ 1995ರಲ್ಲಿ ಕಂಡಿತು. ಜಪಾನಿನ ತಕಾಟಾ ಕಂಪನಿಯ ಬೆಲ್ಟುಗಳಲ್ಲಿ ಬಕಲಿನ ಪ್ಲಾಸ್ಟಿಕ್ ಗುಂಡಿ ಕಾಲ ಕಳೆದಂತೆ ಪೆಡಸಾಗಿ ಒಡೆಯುತ್ತಿತ್ತು. ಚೂರು ಒಳಗೆ ಸಿಕ್ಕಿಕೊಂಡರೆ ಬಕಲ್ ಸರಿಯಾಗಿ ಕೂರುತ್ತಿರಲಿಲ್ಲ. 80 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕರೆಸಬೇಕಾಯಿತು.

ನಮ್ಮ ದೇಶದಲ್ಲಿ ಆಗ ಅಂಥ ಕಾನೂನು ಇರಲಿಲ್ಲ. 2012ರಲ್ಲಿ ವಾಹನ ತಯಾರಕರ ಸಂಘ ಸಿಯಾಮ್ ತಾನಾಗಿಯೇ ಒಂದು ಕಟ್ಟುಪಾಡು ಮಾಡಿಕೊಂಡಿತು. ಅದು ಕಂಪನಿಗಳು ಇಷ್ಟಪಟ್ಟು ಪಾಲಿಸುವಂಥದ್ದು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಬೆಲ್ಟು ಹಾಕದಿದ್ದರೆ 1,000 ರೂಪಾಯಿ ದಂಡ ಎಂಬುದು ಅದೇ ಸೆಪ್ಟೆಂಬರ್ 1ರಿಂದ ಶುರು. ನಮ್ಮ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ದೋಷದ ಗಾಡಿಯನ್ನು ವಾಪಸ್ ಕರೆಸುವಂತೆ ಕಂಪನಿಗೆ ಸರ್ಕಾರವೇ ಆದೇಶ ಕೊಡಬಹುದು ಎಂಬ 110ಎ ಕಲಮು ಸೇರಿದ್ದೂ ಇದೇ ತಿದ್ದುಪಡಿಯಲ್ಲಿ. ಆದರೆ ಅದರ ನಿಯಮ ಜಾರಿಯಾಗಲು 2021ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು. ಆದೇಶ ಪಾಲಿಸದ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಬೆಲ್ಟು ಕಡ್ಡಾಯವಾಗಿ 27 ವರ್ಷದ ಮೇಲೆ, ಅದು ಸರಿಯಾಗಿರಬೇಕೆಂಬ ಕಾನೂನು ಬಂತು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟು ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದೆ ಕೂತಿದ್ದ ಇಬ್ಬರು ಉಳಿದರು. ಹಿಂದಿನ ಸೀಟಿಗೂ ಬೆಲ್ಟು ಬೇಕೆಂದು ದೇಶಕ್ಕೆ ಅರ್ಥವಾದದ್ದು ಆಮೇಲೆ.

ಕಾನೂನಿನ ಕಣ್ಣಿಗೆ ಬೀಳದವರು

ಈ ಕಾನೂನಿಗೂ ಮಿತಿ ಇದೆ. ಏಳು ವರ್ಷ ದಾಟಿದ ಗಾಡಿ ಅದರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮಣ್ಣು ರಸ್ತೆಗಳಲ್ಲಿ ಓಡುವ ಎಷ್ಟೋ ಗಾಡಿ ಅದಕ್ಕಿಂತ ಹಳೆಯವು. ಬೆಲ್ಟೇ ಇಲ್ಲದ ಜಾಗದಲ್ಲಿ ಕೂತವರಿಗಂತೂ ಯಾವ ರಿಕಾಲೂ ಇಲ್ಲ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಬಿತ್ತು. ಲೋಡಿನ ಜೊತೆ ಹೊರಟಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು.

ಇನ್ನೊಂದು ತೊಡಕು ಸೆಕೆಂಡ್ ಹ್ಯಾಂಡ್ ಗಾಡಿಯದು. ಕಂಪನಿ ಫೋನ್ ಮಾಡುವುದು ತನ್ನ ದಾಖಲೆಯಲ್ಲಿರುವ ನಂಬರಿಗೆ. ಬೆಂಗಳೂರಿನಲ್ಲಿ ಒಬ್ಬರು ಕೊಂಡು, ಹುಬ್ಬಳ್ಳಿಯಲ್ಲಿ ಇನ್ನೊಬ್ಬರು ಓಡಿಸಿ, ಕೊನೆಗೆ ಸಿದ್ದಾಪುರದ ಹಳ್ಳಿಗೆ ಬಂದ ಕಾರಿನ ವಿಷಯದಲ್ಲಿ ಆ ಕರೆ ಮೊದಲಿನವರಿಗೇ ಹೋಗಿ ನಿಂತುಬಿಡಬಹುದು. ಆದರೆ ರಿಕಾಲ್ ಇರುವುದು ಗಾಡಿಗೆ, ಮಾಲೀಕರ ಹೆಸರಿಗಲ್ಲ.

ಆದ್ದರಿಂದ ಕೇಳುವ ಕೆಲಸ ನಾವೇ ಮಾಡಬೇಕು. ಆರ್‌ಸಿಯಲ್ಲಿ ಚಾಸಿ ನಂಬರ್ ಇರುತ್ತದೆ. ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಆ ನಂಬರ್ ಕೊಟ್ಟು, ‘ಈ ಗಾಡಿಗೆ ರಿಕಾಲ್ ಬಾಕಿ ಇದೆಯೇ?’ ಎಂದು ಕೇಳಿದರೆ ಸಾಕು. ಬಾಕಿ ಇದ್ದರೆ ರಿಪೇರಿಗೆ ದುಡ್ಡು ಕೊಡಬೇಕಾಗಿಲ್ಲ. ಹೊಸ ದೋಷ ಕಂಡರೆ ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲಿ ದೂರು ಕೊಡಬಹುದು. ದೂರುಗಳ ಲೆಕ್ಕ ನೋಡಿಯೇ ಸರ್ಕಾರ ಕಂಪನಿಗೆ ಆದೇಶ ಕೊಡುವುದರಿಂದ ಒಂದೊಂದು ದೂರಿಗೂ ಬೆಲೆ ಇದೆ.

ಏಳು ವರ್ಷ ದಾಟಿದ ಗಾಡಿಯಾದರೆ ನಮ್ಮ ಕೈಯೇ ಪರೀಕ್ಷೆ. ಬೆಲ್ಟನ್ನು ಜೋರಾಗಿ ಒಮ್ಮೆ ಎಳೆಯಿರಿ, ಗಕ್ಕನೆ ನಿಲ್ಲಬೇಕು. ಬಕಲ್ ಹಾಕಿ ಜಗ್ಗಿ, ಬಿಡಬಾರದು. ಪಟ್ಟಿಯ ಅಂಚು ಹರಿದಿದೆಯೇ ನೋಡಿ. ಹಿಂದಿನ ಸೀಟಿನ ಬಕಲ್ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿದ್ದರೆ ಇವತ್ತೇ ಹೊರಗೆ ತೆಗೆಯಿರಿ.