ಬೀಳದ ಫಿಟ್ಸ್: ಮಕ್ಕಳ ಈ ಕಾಯಿಲೆ ಕಣ್ಣಿಗೆ ಕಾಣಲು ಯಾಕೆ ಇಷ್ಟು ಕಾಲ ಬೇಕಾಯ್ತು?

ನಮ್ಮ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುವ ಹೆಣ್ಣುಮಕ್ಕಳಿಗೆ ಸೂಜಿಗೆ ದಾರ ಪೋಣಿಸಲು ಎಷ್ಟು ಹೊತ್ತು ಬೇಕು? ಹತ್ತು ಸೆಕೆಂಡ್ ಅನ್ನಿ. ಅಷ್ಟೇ ಹೊತ್ತಿನಲ್ಲಿ ಒಂದು ಮಗುವಿಗೆ ಫಿಟ್ಸ್ ಬಂದು ಹೋಗಬಹುದು. ಮಗು ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ. ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ. ಆಮೇಲೆ ಏನೂ ಆಗದಂತೆ ಊಟ ಮುಂದುವರಿಯುತ್ತದೆ. ನಡುವೆ ಏನಾಯಿತೆಂದು ಮಗುವಿಗೂ ಗೊತ್ತಿರುವುದಿಲ್ಲ.

ಡಾಕ್ಟರು ಇದನ್ನು ‘ಆಬ್ಸೆನ್ಸ್ ಸೀಜರ್’ ಅನ್ನುತ್ತಾರೆ. ಆಬ್ಸೆನ್ಸ್ ಅಂದರೆ ಗೈರುಹಾಜರಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗು ಹಾಜರಿದೆ, ಆ ಹತ್ತು ಸೆಕೆಂಡ್ ಮಾತ್ರ ಗೈರು. ದಿನಕ್ಕೆ ಹತ್ತಾರು ಸಲ ಹೀಗಾದರೆ ಪಾಠ ತುಂಡು ತುಂಡಾಗಿ ಕಿವಿಗೆ ಬೀಳುತ್ತದೆ. ‘ಲಕ್ಷ್ಯ ಇಲ್ಲ’, ‘ಮಂಕು’ ಎಂಬ ಹೆಸರು ಬರುತ್ತದೆ, ಏಟೂ ಬೀಳುತ್ತದೆ.

ವಿಚಿತ್ರವೆಂದರೆ ನಮ್ಮ ಹಳೆಯ ಮಾತಿನಲ್ಲೇ ಇದರ ಸುಳಿವಿದೆ. ಚರಕ ಸಂಹಿತೆ ಈ ರೋಗವನ್ನು ‘ಅಪಸ್ಮಾರ’ ಎನ್ನುತ್ತದೆ. ಅಂದರೆ ನೆನಪು, ಎಚ್ಚರ ತಪ್ಪುವುದು. ನಾವು ಆಡುವ ‘ಮೂರ್ಛೆ’ಯ ಅರ್ಥವೂ ಎಚ್ಚರ ತಪ್ಪುವುದೇ. ಆದರೆ ಜನರ ಕಣ್ಣು ಹೋದದ್ದು ಬೀಳುವುದರ ಕಡೆಗೆ. ಬಿದ್ದವರಿಗೆ ಕೈಯಲ್ಲಿ ಕಬ್ಬಿಣ ಕೊಟ್ಟರು, ಮೂಗಿಗೆ ಈರುಳ್ಳಿ ಹಿಡಿದರು. ಬೀಳದ ಮಗುವಿನ ಹತ್ತಿರ ಯಾರೂ ಓಡಿಬರಲಿಲ್ಲ.

ಯುರೋಪಿನಲ್ಲೂ ಕಥೆ ಹೀಗೇ ಇತ್ತು. 1770ರಲ್ಲಿ ಸ್ವಿಟ್ಜರ್‌ಲೆಂಡ್‌ನ ವೈದ್ಯ ಟಿಸೋ 14 ವರ್ಷದ ಹುಡುಗಿಯೊಬ್ಬಳ ಬಗ್ಗೆ ಬರೆದ. ಅವಳಿಗೆ ದೊಡ್ಡ ಫಿಟ್ಸ್ ಬರುತ್ತಿತ್ತು. ಅದರ ನಡುವೆ, ಮಾತಾಡುತ್ತಿದ್ದಾಗಲೇ ಕ್ಷಣಹೊತ್ತು ಎಚ್ಚರ ತಪ್ಪಿ ಮಾತು ನಿಲ್ಲುತ್ತಿತ್ತು. ಎಚ್ಚರ ಬಂದ ಮೇಲೆ ಕೆಲವು ಸಲ ನಿಂತ ಮಾತನ್ನೇ ಅವಳು ಪೂರ್ತಿ ಮಾಡುತ್ತಿದ್ದಳು. ಟಿಸೋ ಹತ್ತಿರ ಯಾವ ಯಂತ್ರವೂ ಇರಲಿಲ್ಲ, ಬರೀ ತಾಳ್ಮೆಯಿಂದ ನೋಡಿದ್ದ. ‘ಆಬ್ಸೆನ್ಸ್’ ಎಂಬ ಹೆಸರು ಬಂದದ್ದು ಆಮೇಲೆ, 1824ರಲ್ಲಿ, ಫ್ರಾನ್ಸಿನಲ್ಲಿ.

ಸಾಕ್ಷಿ ಸಿಗಲು ಮತ್ತೆ ನೂರು ವರ್ಷ ಹಿಡಿಯಿತು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ. ಇಂದಿನ ಇಇಜಿ ಪರೀಕ್ಷೆಯ ಮೂಲ ಅದು. 1935ರಲ್ಲಿ ಅಮೆರಿಕದ ಬೋಸ್ಟನ್ನಿನ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಈ ಸಣ್ಣ ಫಿಟ್ಸ್‌ನ ಗುರುತನ್ನು ಹಿಡಿದರು: ಸೆಕೆಂಡಿಗೆ ಮೂರರಂತೆ ಏಳುವ ಚೂಪಾದ ಅಲೆಗಳು. ಮಗು ಸುಮ್ಮನೆ ಕೂತಂತೆ ಕಂಡಾಗ ಮಿದುಳಿನಲ್ಲಿ ಫಿಟ್ಸ್ ನಡೆದಿದೆ ಎಂಬುದು ಕಾಗದದ ಮೇಲೆ ಕಂಡಿತು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಯಳಂದೂರು ಭಾಗದಲ್ಲಿ ಮನೆ ಮನೆಗೆ ಹೋಗಿ ಸುಮಾರು 65 ಸಾವಿರ ಜನರ ಸಮೀಕ್ಷೆ ಮಾಡಿಸಿದರು. ಸಾವಿರಕ್ಕೆ ನಾಲ್ಕೈದು ಜನರಲ್ಲಿ ಮೂರ್ಛೆರೋಗ ಸಿಕ್ಕಿತು. ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಗುಳಿಗೆಗಳಿಂದಲೇ ಹಳ್ಳಿಯಲ್ಲಿ ದೊಡ್ಡ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿದರು. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ನಡೆಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಪಟ್ಟಣಕ್ಕಿಂತ ಹಳ್ಳಿಯಲ್ಲಿ ಮೂರ್ಛೆರೋಗ ಸುಮಾರು ಎರಡು ಪಟ್ಟು.

ಇವು ದೊಡ್ಡ ಕೆಲಸಗಳು. ಆದರೂ ಬೀಳದ ಮಗು ಇಲ್ಲೂ ಹೊರಗೆ ಉಳಿಯುವ ಸಾಧ್ಯತೆ ಇದೆ. ಮನೆ ಬಾಗಿಲಲ್ಲಿ ನಿಂತು ‘ಯಾರಿಗಾದರೂ ಫಿಟ್ಸ್ ಬರ್ತದೇನು?’ ಎಂದು ಕೇಳಿದರೆ ತಾಯಿ ‘ಇಲ್ಲ’ ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ಅದು ಫಿಟ್ಸ್ ಎಂದೇ ಗೊತ್ತಿಲ್ಲ. ದೊಡ್ಡ ಫಿಟ್ಸ್‌ಗೆ ಕೆಲಸ ಮಾಡಿದ ಆ ಗುಳಿಗೆಗಳೂ ಇದಕ್ಕೆ ನಾಟುವುದಿಲ್ಲ. ಫೆನಿಟಾಯಿನ್, ಕಾರ್ಬಮಝೆಪಿನ್‌ನಿಂದ ಇದು ಹೆಚ್ಚಲೂಬಹುದು. ಪಕ್ಕದ ಮನೆಯವರ ಫಿಟ್ಸ್ ಗುಳಿಗೆ ತಂದು ಕೊಡಬಾರದು ಅನ್ನುವುದು ಇದಕ್ಕೇ. ಆಬ್ಸೆನ್ಸ್‌ಗೆ ಎಥೊಸಕ್ಸಿಮೈಡ್, ವಾಲ್ಪ್ರೊಯೇಟ್‌ನಂಥ ಬೇರೆ ಔಷಧಗಳಿವೆ. ಯಾವುದು, ಎಷ್ಟು ಎಂದು ಡಾಕ್ಟರೇ ಹೇಳಬೇಕು. ಹೆಣ್ಣುಮಗುವಾದರೆ ವಾಲ್ಪ್ರೊಯೇಟ್ ಬಗ್ಗೆ ಕೇಳಿ ತಿಳಿದುಕೊಳ್ಳಿ, ಮುಂದೆ ಬಸಿರಿನಲ್ಲಿ ಅದು ಕೂಸಿಗೆ ತೊಂದರೆ ಮಾಡಬಹುದು.

ಗೊತ್ತಾದ ಮೇಲೂ ಮುಚ್ಚಿಡುವವರಿದ್ದಾರೆ, ‘ಮುಂದೆ ಮದುವೆ?’ ಎಂಬ ಹೆದರಿಕೆಗೆ. ಆ ಹೆದರಿಕೆಗೆ ಕಾನೂನೂ ಒಂದು ಕಾಲಕ್ಕೆ ಕಾರಣವಾಗಿತ್ತು. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಸಾಲಿಗೆ ಸೇರಿಸಿ ಮದುವೆಗೆ ಅಡ್ಡಿ ಎಂದಿತ್ತು. 1999ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾಯ್ದೆ ಬಿಟ್ಟು ಕಾಲು ಶತಮಾನವಾದರೂ ನಮ್ಮ ಕಟ್ಟೆ ಮಾತು ಇನ್ನೂ ಬಿಟ್ಟಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಇದು ಹೆಚ್ಚಾಗಿ 4ರಿಂದ 10 ವರ್ಷದೊಳಗೆ ಶುರುವಾಗುತ್ತದೆ. ಮಾತು, ಆಟ, ಊಟದ ನಡುವೆಯೇ ಮಗು ತಟ್ಟನೆ ನಿಲ್ಲುತ್ತದೆ. ರೆಪ್ಪೆ ಪಟಪಟ ಬಡಿಯಬಹುದು, ತುಟಿ ಚಪ್ಪರಿಸಬಹುದು. ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದೊಳಗೆ ಮುಗಿದು, ತಟ್ಟನೆ ಮೊದಲಿನಂತಾಗುತ್ತದೆ. ಕನಸು ಕಾಣುತ್ತ ಕೂತ ಮಗು ಹೆಸರು ಹಿಡಿದು ಕರೆದರೆ, ಭುಜ ಮುಟ್ಟಿದರೆ ತಿರುಗುತ್ತದೆ. ಆಬ್ಸೆನ್ಸ್‌ನಲ್ಲಿರುವ ಮಗು ತಿರುಗುವುದಿಲ್ಲ.

ದಿಟ್ಟಿಸಿ ನೋಡುವುದೆಲ್ಲ ಆಬ್ಸೆನ್ಸ್ ಎಂದೂ ಅಲ್ಲ. ತಲೆಗೆ ಬಿಸಿನೀರು ಹಾಕಿಕೊಳ್ಳುವಾಗ ಮಂಕಾಗಿ ನೋಡುವ ‘ಬಿಸಿನೀರಿನ ಫಿಟ್ಸ್’ ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ ಹೆಚ್ಚು ಕಂಡಿದೆ, ಅದು ಬೇರೆ. ಯಾವುದು ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ.

ನಿಮ್ಮ ಕೆಲಸ ಟಿಸೋ ಮಾಡಿದ್ದೇ: ನೋಡುವುದು. ಅವನ ಹತ್ತಿರ ಇಲ್ಲದ ಒಂದು ಸಾಧನ ನಿಮ್ಮ ಕೈಯಲ್ಲಿದೆ. ಮಗು ಹಾಗೆ ನಿಂತಾಗ ಫೋನಿನಲ್ಲಿ ವಿಡಿಯೊ ಮಾಡಿ. ದಿನಕ್ಕೆ ಎಷ್ಟು ಸಲ ಎಂದು ಬರೆದಿಡಿ, ಶಾಲೆಯ ಅಕ್ಕೋರು–ಸರ್‌ ಅವರನ್ನೂ ಕೇಳಿ. ಅದನ್ನು ಮಕ್ಕಳ ಡಾಕ್ಟರಿಗೆ ತೋರಿಸಿ. ಈ ಭಾಗದವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್ ಇವೆ. ಡಾಕ್ಟರು ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳಬಹುದು, ಇಇಜಿ ಮಾಡಿಸಬಹುದು. ಇಇಜಿಯಲ್ಲಿ ನೋವಿಲ್ಲ, ಕರೆಂಟ್ ಕೊಡುವುದೂ ಇಲ್ಲ.

ಅಲ್ಲಿಯವರೆಗೆ ಮಗುವನ್ನು ಕೆರೆ, ಬಾವಿ, ಒಲೆಯ ಹತ್ತಿರ ಒಂಟಿಯಾಗಿ ಬಿಡಬೇಡಿ, ರಸ್ತೆಯಲ್ಲಿ ಸೈಕಲ್ ಬೇಡ. ಗುಳಿಗೆ ಶುರುವಾದ ಮೇಲೆ ತಾವಾಗಿಯೇ ನಿಲ್ಲಿಸಬೇಡಿ. ಕೈಕಾಲು ಸೆಟೆದು ಬಿದ್ದು ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಸರಿಯಾದ ಔಷಧದಿಂದ ಬಹಳಷ್ಟು ಮಕ್ಕಳಲ್ಲಿ ಇದು ನಿಲ್ಲುತ್ತದೆ. ಅನೇಕರಿಗೆ ಹರೆಯ ಬರುವ ಹೊತ್ತಿಗೆ ಪೂರ್ತಿ ಹೋಗುತ್ತದೆ. ಹೋದ ಪಾಠದ ವರ್ಷಗಳು ಮಾತ್ರ ವಾಪಸ್ ಬರುವುದಿಲ್ಲ. ಮುಂದಿನ ಸಲ ನಿಮ್ಮ ಮಗು ‘ಏನು ನೋಡ್ತಾ ಕೂತಿ?’ ಎಂದರೂ ತಿರುಗದಿದ್ದರೆ, ಬೈಯುವ ಮೊದಲು ಹತ್ತರವರೆಗೆ ಎಣಿಸಿ ನೋಡಿ.