ಒಂದು ಪುಟ್ಟ ಉಗಿಬಂಡಿಯ ಸಾಲದ ಫೈಲು

ಬ್ಯಾಂಕಿಗೆ ರಜೆ ಇದ್ದ ಒಂದು ಶುಕ್ರವಾರ ಬೆಳಿಗ್ಗೆ ಚೋರ್ ಬಜಾರಿಗೆ ಹೋಗಿದ್ದೆ. ಹಳೇ ಗ್ರಾಮೊಫೋನ್, ಮುರಿದ ಕ್ಯಾಮೆರಾಗಳ ರಾಶಿಯ ನಡುವೆ ಒಂದು ಹಸಿರು ಬಣ್ಣದ ಆಟಿಕೆ ಇಂಜಿನ್ ಕಾಣಿಸಿತು. ನಾಲ್ಕು ಚಕ್ರ, ಒಂದು ಗಿಡ್ಡ ಚಿಮಣಿ, ಒಳಗೆ ಹಿತ್ತಾಳೆಯ ಬಾಯ್ಲರ್. ಬಣ್ಣ ಅಲ್ಲಲ್ಲಿ ಸುಟ್ಟು ಎದ್ದು ಬಂದಿತ್ತು. ಅಂದರೆ ಇದು ಬ್ಯಾಟರಿಯದ್ದಲ್ಲ, ನಿಜವಾಗಿಯೂ ಬೆಂಕಿ ಕಂಡ ಇಂಜಿನ್. ಅಂಗಡಿಯವನು "ಬಿಲ್ಕುಲ್ ಚಾಲೂ ಹೈ ಸಾಬ್" ಅಂದ. ಅರಸೀಕೆರೆ ಕಡೆಯವನಾದ ನನಗೆ, ಮೀಟರ್ ಗೇಜ್ ಇಂಜಿನ್ನಿನ ಕೂಗು ಕೇಳಿ ಸ್ಕೂಲಿಗೆ ಹೊರಡುತ್ತಿದ್ದವನಿಗೆ, ಅಷ್ಟು ಸಾಕಾಯಿತು. ಚೌಕಾಸಿ ಮಾಡಿ ತಂದೆ. ಅದು ಚಾಲೂ ಇರಲಿಲ್ಲ ಅಂತ ಬೇರೆ ಹೇಳಬೇಕೆ?

ಸಾಲ ಕೇಳಿ ಬಂದವರ ಪೂರ್ವಾಪರ ವಿಚಾರಿಸುವುದು ನನ್ನ ವೃತ್ತಿಯ ಚಟ. ಇಂಜಿನ್ನಿನದ್ದನ್ನೂ ಹಾಗೇ ವಿಚಾರಿಸತೊಡಗಿದೆ.

ಇದು ಇಂಗ್ಲೆಂಡಿನ ಮಾಮೋಡ್ ಕಂಪನಿಯ ಎಸ್‌ಎಲ್ 1 ಅನ್ನುವ ಮಾದರಿ. ಜೆಫ್ರಿ ಮಾಲಿನ್ಸ್ ಅನ್ನುವವರು 1930ರ ದಶಕದ ಕೊನೆಯ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಪುಟ್ಟ ಉಗಿ ಯಂತ್ರಗಳನ್ನು ಮಾಡತೊಡಗಿದರು. 'ಮಾಲಿನ್ಸ್ ಮಾಡೆಲ್ಸ್' ಅನ್ನುವುದನ್ನು ಕತ್ತರಿಸಿದರೆ ಮಾಮೋಡ್! ನಿಂತಲ್ಲೇ ಚಕ್ರ ತಿರುಗಿಸುವ ಯಂತ್ರ, ಆಮೇಲೆ ರಸ್ತೆ ರೋಲರ್, ಟ್ರಾಕ್ಷನ್ ಇಂಜಿನ್, ಲಾರಿ, ಹೀಗೆ ನಾಲ್ಕು ದಶಕ ಅಲ್ಲಿನ ಮಕ್ಕಳ ಹುಟ್ಟುಹಬ್ಬಕ್ಕೆ ಮಾಮೋಡ್ ಬರುತ್ತಿತ್ತು.

ರೈಲಿಗೆ ಅವರು ಕೈಹಾಕಿದ್ದು 1979ರ ಸುಮಾರಿಗೆ. ಬರೀ ಇಂಜಿನ್ ಅಲ್ಲ. ಹಳಿ, ಸರಕಿನ ಡಬ್ಬಿ, ಪ್ರಯಾಣಿಕರ ಡಬ್ಬಿ ಎಲ್ಲಾ ಸೇರಿದ ಸೆಟ್. ಹಳಿಯ ಅಗಲ 32 ಮಿಲಿಮೀಟರ್. ಅಡಿಗೆ 16 ಮಿಲಿಮೀಟರ್ ಲೆಕ್ಕದಲ್ಲಿ ಅದು ಎರಡು ಅಡಿ ಗೇಜ್ ಆಗುತ್ತದೆ. ಮುಂಬೈನವರಿಗೆ ಹೇಳುವುದಾದರೆ, ನಮ್ಮ ನೇರಳ್‌ನಿಂದ ಮಾಥೇರಾನ್‌ಗೆ ಹತ್ತುವ ರೈಲಿನ ಗೇಜು.

ಈಗ ಫೈಲಿನ ಇನ್ನೊಂದು ಪುಟ ನೋಡಿ. ಒಂದು ಮನೆತನದ ಕಂಪನಿ ಹೊಸ ಸಾಲಿನ ಸರಕಿಗೆ ಡೈ, ಅಚ್ಚು, ಹಳಿ, ಡಬ್ಬಿ ಅಂತ ದುಡ್ಡು ಸುರಿಯುತ್ತದೆ. ಆ ದುಡ್ಡು ಆಟಿಕೆ ಅಂಗಡಿಗಳಿಂದ ವಾಪಸು ಬರಬೇಕು. ಆದರೆ ಕಾಲ ಎಂಥದ್ದು? 1979ರ ಜೂನ್‌ನಲ್ಲಿ ಬ್ರಿಟನ್ನಿನ ವ್ಯಾಟ್ ಶೇ. 8ರಿಂದ 15ಕ್ಕೆ ಏರಿತ್ತು. ಅದೇ ನವೆಂಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿ ದರವನ್ನು ಶೇ. 17ಕ್ಕೆ ಮುಟ್ಟಿಸಿತು. ಅಂಥ ಬಡ್ಡಿಯಲ್ಲಿ ಸ್ಟಾಕ್ ಇಟ್ಟುಕೊಂಡು ಕೂರುವುದು ಎಂಥ ಸಂಕಟ ಅಂತ ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1980ರಲ್ಲಿ ಕಂಪನಿ ರಿಸೀವರ್ ಕೈಗೆ ಹೋಯಿತು. ಆ ರೈಲೇ ಮನೆ ಮುಳುಗಿಸಿತು ಅಂತ ಹೇಳುವವರು ಹೆಚ್ಚು. ನಾನಾದರೆ ಅರ್ಧ ತಪ್ಪನ್ನು ಆ ವರ್ಷದ ಮೇಲೆ ಹಾಕುತ್ತೇನೆ. ಮಾಮೋಡ್ ಹೆಸರು ಮಾತ್ರ ಕೈ ಬದಲಾಯಿಸುತ್ತಾ ಉಳಿದುಕೊಂಡಿತು.

ಇರಲಿ, ನಾನು ಹೇಳಹೊರಟಿದ್ದು ಮುಳುಗಿದ ಕಥೆಯಲ್ಲ. ಈ ಇಂಜಿನ್ ಹುಟ್ಟಿನಿಂದಲೇ ಕೊಂಚ ಬಡಕಲು. ಆದರೂ ಅಗ್ಗ. ಹಾಗಾಗಿ ಕೊಂಡವರು ಅದನ್ನು ಬಿಚ್ಚಿ, ಉಜ್ಜಿ, ಭಾಗ ಬದಲಾಯಿಸಿ ಸರಿಮಾಡಲು ಕೂತರು. ಅಷ್ಟು ಕಡಿಮೆ ಕಾಸಿಗೆ ನಿಜವಾದ ಉಗಿಬಂಡಿ ಸಿಕ್ಕಿದ್ದರಿಂದಲೇ ಎಷ್ಟೋ ಜನ ಹಿತ್ತಲಲ್ಲಿ ಹಳಿ ಹಾಕಿದರು. ಇದಕ್ಕೆಂದೇ ಉತ್ತಮ ಬಿಡಿಭಾಗ ಮಾಡಿ ಮಾರುವ ಸಣ್ಣ ಸಣ್ಣ ಕಾರ್ಖಾನೆಗಳೂ ಹುಟ್ಟಿಕೊಂಡವು.

ಅಂಗಡಿಯ ಮಾಲನ್ನು ಮನೆಯಲ್ಲಿ ತಿದ್ದುವ ಈ ಹುಚ್ಚು ಇನ್ನೂ ಹಳೆಯದು. 'ಮಾಡೆಲ್ ಇಂಜಿನಿಯರ್' ಅನ್ನುವ ಪತ್ರಿಕೆ 1898ರಲ್ಲಿ ಪರ್ಸಿವಲ್ ಮಾರ್ಷಲ್ ಅನ್ನುವವರ ಕೈಯಲ್ಲಿ ಶುರುವಾಯಿತು. 1920ರ ದಶಕದಲ್ಲಿ ಅದರಲ್ಲಿ 'ಎಲ್.ಬಿ.ಎಸ್.ಸಿ.' ಅನ್ನುವ ಸಹಿಯಲ್ಲಿ ಒಬ್ಬಾತ ಬರೆಯತೊಡಗಿದ. ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯಲ್ಲಿ ದುಡಿದವನು, ಅದರ ಅಕ್ಷರಗಳನ್ನೇ ಹೆಸರು ಮಾಡಿಕೊಂಡಿದ್ದ. ಜನ ಕರೆಯುತ್ತಿದ್ದದ್ದು ಕರ್ಲಿ ಲಾರೆನ್ಸ್ ಅಂತ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಸಣ್ಣ ಇಂಜಿನ್ನುಗಳಿಗೆ ಸ್ಪಿರಿಟ್ ದೀಪವೇ ಬೆಂಕಿ. ಅಷ್ಟು ಚಿಕ್ಕದರಲ್ಲಿ ಕಲ್ಲಿದ್ದಲು ನಡೆಯುವುದಿಲ್ಲ ಅನ್ನುವುದು ಬಲ್ಲವರ ಮಾತು. ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಕಂಪನಿ, ಅದಕ್ಕೆ ನಕ್ಷೆ ಬರೆಯುತ್ತಿದ್ದ ಹೆನ್ರಿ ಗ್ರೀನ್ಲಿ ಇವರೆಲ್ಲ ಸಾಮಾನ್ಯರಲ್ಲ. ಲಾರೆನ್ಸ್ ಮಾತ್ರ ದೊಡ್ಡ ಇಂಜಿನ್ನಿನಲ್ಲಿ ಇರುವಂಥದೇ ಬಾಯ್ಲರ್ ಮಾಡಿ, ಎರಡೂವರೆ ಇಂಚು ಗೇಜಿನ ತನ್ನ 'ಆಯೇಷಾ' ಇಂಜಿನ್ನಿಗೆ ಕಲ್ಲಿದ್ದಲು ಹಾಕಿ, ಅದು ಒಬ್ಬ ಮನುಷ್ಯನನ್ನು ಎಳೆಯುವುದನ್ನು ತೋರಿಸಿಬಿಟ್ಟ. ಈ ಜಗಳಕ್ಕೆ 'ಬಾಯ್ಲರ್ ಯುದ್ಧ' ಅಂತಲೇ ಹೆಸರು ಬಿತ್ತು.

ಗುಟ್ಟು ಇಷ್ಟೇ. ದೊಡ್ಡ ಇಂಜಿನ್ನಿನಲ್ಲಿ ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ರಭಸವಾಗಿ ಹೊರಹೋಗುವಾಗ ಬೆಂಕಿಯ ಮೂಲಕ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಅಜ್ಜಿಯ ಊದುಗೊಳವೆಯ ಕೆಲಸವನ್ನು ಅದು ಎಳೆಯುತ್ತಾ ಮಾಡುತ್ತದೆ ಅನ್ನಿ. ಭಾರ ಹೆಚ್ಚಾದಷ್ಟೂ ಬೆಂಕಿಯೂ ಹೆಚ್ಚುತ್ತದೆ. ಲಾರೆನ್ಸ್ 1967ರಲ್ಲಿ ತೀರಿಕೊಂಡ. ದಶಕಗಟ್ಟಲೆ ಬರೆದು, ಅಡುಗೆ ಹೇಳಿಕೊಟ್ಟ ಹಾಗೆ ಇಂಜಿನ್ ಕಟ್ಟುವುದನ್ನು ಜನಸಾಮಾನ್ಯರಿಗೆ ಹೇಳಿಕೊಟ್ಟಿದ್ದ.

ನನ್ನ ಮಾಮೋಡ್‌ನಲ್ಲಿ ಈ ಊದುಗೊಳವೆ ಇಲ್ಲ. ಬಾಯ್ಲರಿನ ಅಡಿಯಲ್ಲಿ ಒಂದು ತಟ್ಟೆ, ಅದರಲ್ಲಿ ಚಾರಣಕ್ಕೆ ಹೋಗುವವರು ಉರಿಸುವಂಥ ಬಿಳಿ ಮಾತ್ರೆ. ಗಾಳಿ ಬೀಸಿದರೆ ಶಾಖ ಪಕ್ಕದ ಮನೆಗೆ. ಸಿಲಿಂಡರುಗಳೂ ಸರಳವೇ. ತೂಗುಮಂಚದ ಹಾಗೆ ಓಲಾಡುತ್ತಾ, ಒಂದು ತೂತಿನಿಂದ ಉಗಿ ತೆಗೆದುಕೊಂಡು ಇನ್ನೊಂದರಿಂದ ಬಿಡುತ್ತವೆ. ಆ ಎರಡು ಮುಖಗಳನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ನನ್ನದರಲ್ಲಿ ಮುಖ ಸವೆದು ಗೀರು ಬಿದ್ದಿತ್ತು, ರಬ್ಬರ್ ವಾಷರುಗಳು ಒಣಗಿ ಕಲ್ಲಾಗಿದ್ದವು.

ನಮ್ಮ ಸೊಸೈಟಿಯಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ. ಎಲ್ಲರಿಗೂ ಕಾಕಾ. ಕನ್ನಡಕ ಏರಿಸಿ ನೋಡಿದವರು, "ರಾವ್ ಸಾಹೇಬ್, ಬೆಂಕಿ ಆಮೇಲೆ. ಮೊದಲು ತಣ್ಣೀರು" ಅಂದರು. ಬಾಯ್ಲರಿಗೆ ನೀರು ತುಂಬಿ ಕೈಪಂಪಿನಿಂದ ಒತ್ತಡ ಕೊಟ್ಟು ನೋಡುವ ಪರೀಕ್ಷೆ. ನೀರು ಕುಗ್ಗುವುದಿಲ್ಲ, ಹಾಗಾಗಿ ಬೆಸುಗೆ ಬಿಟ್ಟರೂ ಸಿಡಿಯದೆ ಬರೀ ಸೋರುತ್ತದೆ. ಉಗಿ ಹಾಗಲ್ಲ. ಸೋರಲಿಲ್ಲ, ಪುಣ್ಯ.

ಆಮೇಲೆ ಗಾಜಿನ ತುಂಡಿನ ಮೇಲೆ ಹಿತ್ತಾಳೆ ಪಾಲಿಶ್ ಹಚ್ಚಿ ಸಿಲಿಂಡರಿನ ಮುಖಗಳನ್ನು ಉಜ್ಜಿದೆವು, ಎರಡು ಭಾನುವಾರ. ಬತ್ತಿ ಇಟ್ಟ ಸ್ಪಿರಿಟ್ ದೀಪ ಕಾಕಾ ಮಾಡಿಕೊಟ್ಟರು. (ತಮಾಷೆ ಏನೆಂದರೆ, ಮಾಮೋಡ್ ಮೊದಲು ಸ್ಪಿರಿಟನ್ನೇ ಬಳಸುತ್ತಿದ್ದು, ಚೆಲ್ಲಿದರೆ ಮಕ್ಕಳಿಗೆ ಅಪಾಯ ಅಂತ 1970ರ ದಶಕದಲ್ಲಿ ಮಾತ್ರೆಗೆ ಬದಲಾಗಿತ್ತು. ನಮ್ಮ ಸುಧಾರಣೆ ಅಂದರೆ ಹಿಂದಕ್ಕೆ ಹೋಗಿದ್ದು.) ಉಗಿಯ ಕೊಳವೆಗೆ ಒಂದು ಪುಟ್ಟ ಎಣ್ಣೆ ಕುಪ್ಪಿಗೆಯನ್ನೂ ಸೇರಿಸಿದೆವು. ಅದರೊಳಗೆ ಉಗಿ ತಣಿದು ನೀರಾಗಿ ತಳ ಸೇರುತ್ತದೆ, ಮೇಲೆ ತೇಲುವ ಎಣ್ಣೆ ಹನಿಹನಿಯಾಗಿ ಸಿಲಿಂಡರಿಗೆ ಹೋಗುತ್ತದೆ. ಎಷ್ಟು ಚಂದದ ಉಪಾಯ!

ನನಗೆ ಇನ್ನೂ ಆಸೆ. "ಕಾಕಾ, ಸೇಫ್ಟಿ ವಾಲ್ವಿನ ಸ್ಪ್ರಿಂಗ್ ಬಿಗಿ ಮಾಡಿದರೆ ಶಕ್ತಿ ಹೆಚ್ಚಲ್ಲವಾ?" ಅಂದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಅದನ್ನು ಮುಟ್ಟುವುದಾದರೆ ನಾನು ಮನೆಗೆ ಹೋಗುತ್ತೇನೆ." ಕಾರಿನ ಟೈರಿನಷ್ಟೂ ಇಲ್ಲದ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿದ ಬಾಯ್ಲರ್ ಅದು. ಹೆಚ್ಚಿಸಿದರೂ ಓಲಾಡುವ ಸಿಲಿಂಡರಿನ ಮುಖ ಎದ್ದು ಉಗಿ ಪಕ್ಕಕ್ಕೆ ಸೋರುತ್ತದೆಯೇ ಹೊರತು ಲಾಭವಿಲ್ಲ. ಹಳೇ ವಾಲ್ವ್ ತೆಗೆದು ಅದೇ ಒತ್ತಡದ ಹೊಸದನ್ನು ತರಿಸಿ ಹಾಕಿದೆವು.

ಕಳೆದ ಭಾನುವಾರ ಟೆರೇಸಿನಲ್ಲಿ ಇಂಜಿನ್ನನ್ನು ಎರಡು ಮರದ ತುಂಡುಗಳ ಮೇಲೆ ಕೂರಿಸಿ ದೀಪ ಹಚ್ಚಿದೆವು. ಐದಾರು ನಿಮಿಷಕ್ಕೆ ಬಾಯ್ಲರ್ ಗೊಣಗತೊಡಗಿತು. ಕಾಕಾ ಬೆರಳಿನಿಂದ ಚಕ್ರ ತಳ್ಳಿದರು. ಮೊದಲು ಬಿಸಿನೀರು ಉಗುಳಿತು, ನನ್ನ ಅಂಗಿಗೆಲ್ಲ ಎಣ್ಣೆ. ಆಮೇಲೆ ಚಕ್ರಗಳು ಗಾಳಿಯಲ್ಲಿ ತಿರುಗಿದವು, ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು. ನೀರು ತೀರುವ ಮೊದಲೇ ದೀಪ ಆರಿಸಿದೆವು, ಬತ್ತಿದ ಬಾಯ್ಲರಿನ ಬೆಸುಗೆ ಕರಗುತ್ತದೆ ಅಂತ. ಮೂಗಿಗೆ ಬಂದದ್ದು ಅರಸೀಕೆರೆಯ ವಾಸನೆಯಲ್ಲ, ಅಲ್ಲಿ ಕಲ್ಲಿದ್ದಲು, ಇಲ್ಲಿ ಸ್ಪಿರಿಟ್. ಆದರೆ ಬಿಸಿ ಎಣ್ಣೆಯ ವಾಸನೆ ಮಾತ್ರ ಅದೇ.

ಹಳಿ ಇನ್ನೂ ಇಲ್ಲ. ಅಲ್ಯೂಮಿನಿಯಂ ಪಟ್ಟಿಯ ದರ ವಿಚಾರಿಸಿಕೊಂಡು ಬರಲು ಕಾಕಾ ನನ್ನನ್ನು ನಾಗದೇವಿ ಸ್ಟ್ರೀಟಿಗೆ ಅಟ್ಟಿದ್ದಾರೆ.