ತಟ್ಟಿ ನೋಡುವುದು

ನಮ್ಮ ಕುಂಬಾರಕೊಪ್ಪಲಿನ ಹೆಸರಿನಲ್ಲೇ ಕುಂಬಾರರಿದ್ದಾರೆ. ಮಡಕೆ ಕೊಳ್ಳುವಾಗ ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುತ್ತಿದ್ದಳು. ಠಣ್ ಎಂದರೆ ಸರಿ. ಒಡಕು ದನಿ ಬಂದರೆ ಪಕ್ಕಕ್ಕೆ. ಹೊಗೆ ಹಿಡಿದ ಕಲೆಗೋ, ತುಸು ಸೊಟ್ಟಗಿದ್ದ ಬಾಯಿಗೋ ಆಕೆ ತಲೆ ಕೆಡಿಸಿಕೊಂಡವಳಲ್ಲ. ನಾಲ್ಕಾಣೆ ಇಳಿಸಲು ಅವನ್ನು ಬಳಸಿಕೊಳ್ಳುತ್ತಿದ್ದಳು, ಅಷ್ಟೆ. "ನೀರಿಗೆ ಬ್ಯಾಡ ಕಣವ್ವಾ, ತುಳಸಿ ನೆಡೋಕೆ ತಗೊಳ್ಳಿ" ಎಂದು ಒಡಕು ಮಡಕೆಯನ್ನೂ ಮಾರಿಬಿಡುತ್ತಿದ್ದರು.

ಕಂಪ್ಯೂಟರಿನ ತಂತ್ರಾಂಶ ಮಾಡುವವರಿಗೂ ಇದೇ ಪಂಚಾಯಿತಿ ಎಂದು ತಿಳಿದದ್ದು ಡೆಬಿಯನ್ನಿನ ಕತೆ ಓದಿದಾಗ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಅದು. ದೇಶದೇಶಗಳ ಸ್ವಯಂಸೇವಕರು ಕಟ್ಟಿ ಉಚಿತವಾಗಿ ಹಂಚುತ್ತಾರೆ. 1993ರಲ್ಲಿ ಇದನ್ನು ಆರಂಭಿಸಿದ ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್, ಗೆಳತಿ ಡೆಬ್ರಾಳ ಹೆಸರಿಗೆ ತನ್ನದನ್ನು ಸೇರಿಸಿ ಈ ಹೆಸರು ಕಟ್ಟಿದ. ನಾವು ಮನೆಗಳಿಗೆ ಹೆಸರಿಡುವುದೂ ಹೀಗೆಯೇ ಅಲ್ಲವೆ?

ಸಾವಿರಾರು ತುಣುಕುಗಳಿರುವ ಇದರಲ್ಲಿ ಒಂದೂ ದೋಷವಿಲ್ಲದ ದಿನಕ್ಕೆ ಕಾದರೆ ಬಿಡುಗಡೆ ಎಂಬುದೇ ಇಲ್ಲ. ಅದಕ್ಕೇ ದೋಷಗಳಿಗೆ ಏಳು ದರ್ಜೆ ಮಾಡಿದ್ದಾರೆ. ಕೂಡಿಟ್ಟ ಮಾಹಿತಿ ನಾಶವಾಗುವುದು, ಕಳ್ಳರಿಗೆ ದಾರಿಯಾಗುವುದು, ಕೆಲಸಕ್ಕೇ ಬಾರದಿರುವುದು, ಒಪ್ಪಿಕೊಂಡ ನಿಯಮವನ್ನು ಮುರಿಯುವುದು—ಇಂಥವು ಮೇಲಿನ ಮೂರು ದರ್ಜೆಗೆ ಸೇರಿ ಬಿಡುಗಡೆಯನ್ನು ತಡೆಯುತ್ತವೆ. ರಿಪೇರಿಯಾಗದ ತುಣುಕನ್ನು ಕೈಬಿಡುವುದೂ ಉಂಟು. ಕೆಲವೊಮ್ಮೆ ಹೊಣೆ ಹೊತ್ತವರು, ಈ ಸಲಕ್ಕೆ ಇರಲಿ ಎಂದು ಕಣ್ಣುಮುಚ್ಚುತ್ತಾರೆ.

ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಸಿನಿಮಾದ ಪಾತ್ರಗಳ ಹೆಸರು. 2002ರ ಜುಲೈನಲ್ಲಿ 'ವುಡಿ' ಬಂದ ಮೇಲೆ 'ಸಾರ್ಜ್' ಹೊರಬೀಳಲು 2005ರ ಜೂನ್ ಆಯಿತು. ಹೆಚ್ಚುಕಡಿಮೆ ಮೂರು ವರ್ಷ! ಇಷ್ಟು ಕಾದೂ, ಸಿ.ಡಿ.ಯಿಂದ ಹೊಸದಾಗಿ ಹಾಕಿಕೊಂಡವರಿಗೆ ಭದ್ರತೆಯ ತಿದ್ದುಪಡಿಗಳನ್ನು ತರಬೇಕಾದ ಒಂದು ಸಾಲೇ ತಪ್ಪಾಗಿತ್ತು. ತಕ್ಷಣ ಸಿ.ಡಿ.ಯನ್ನು ಸರಿಪಡಿಸಿ ಮತ್ತೆ ಕೊಡಬೇಕಾಯಿತು. ನಕ್ಕೆ, ಆಮೇಲೆ ಪಾಪ ಅನ್ನಿಸಿತು. ಮಗಳ ಮದುವೆಯಲ್ಲಿ ಎಲ್ಲವನ್ನೂ ಮೂರು ಸಲ ಎಣಿಸಿ ತಾಳಿಯ ಡಬ್ಬಿಯನ್ನೇ ಮನೆಯಲ್ಲಿ ಬಿಟ್ಟು ಹೊರಟವರನ್ನು ನಾನು ಕಂಡಿದ್ದೇನೆ.

ನನ್ನನ್ನು ಕಾಡಿದ್ದು ನಾಲ್ಕನೆಯ ದರ್ಜೆ. ಬಳಸುವುದಕ್ಕೆ ಬಹಳ ತೊಡಕು, ಆದರೆ ಎಲ್ಲರಿಗೂ ಪೂರ್ತಿ ನಿರುಪಯೋಗಿಯಲ್ಲ ಎಂಬಂಥ ದೋಷಗಳು ಅಲ್ಲಿಗೆ. ಅಂಥವಕ್ಕಾಗಿ ಬಿಡುಗಡೆ ನಿಲ್ಲುವುದಿಲ್ಲ. ಪರದೆಯಲ್ಲಿ ಕನ್ನಡದ ಒತ್ತಕ್ಷರ ಕಳಚಿ ಬಿದ್ದು, 'ಅಮ್ಮ' ಎಂಬುದೇ ಓದಲಾಗದಂತೆ ಒಡೆದು ಕಾಣುತ್ತಿದ್ದ ದಿನಗಳು ನನಗೆ ನೆನಪಿವೆ. ಇಂಗ್ಲಿಷಿನವರಿಗೆ ಅದೇ ಯಂತ್ರ ಠಣ್ ಎನ್ನುತ್ತಿತ್ತು. ನೀರು ತುಂಬುವವಳು ನಾನು, ತಟ್ಟಿ ನೋಡುವವರು ಇನ್ಯಾರೋ. ಬೇರೆ ಭಾಷೆಗೆ ಮಾಡಿ ಕಳಿಸಿದ ಅನುವಾದಗಳಂತೂ ಏಳನೆಯ, ಬರಿಯ 'ಬಯಕೆ'ಯ ದರ್ಜೆಯಲ್ಲಿ ದಾಖಲಾಗುತ್ತವೆ.

ಆದರೂ ಇಲ್ಲಿ ದೂರನ್ನು ಯಾರು ಬೇಕಾದರೂ ಇ-ಮೇಲಿನಲ್ಲಿ ಬರೆದು ಕಳಿಸಬಹುದು, ದರ್ಜೆಯನ್ನೂ ಮೊದಲು ದೂರುವವರೇ ಬರೆಯಬಹುದು. ಆಮೇಲೆ ಅವರು ಬದಲಾಯಿಸುತ್ತಾರೆ, ಆ ಮಾತು ಬೇರೆ. ಒಡೆದ ಒತ್ತಕ್ಷರಕ್ಕೆ ನಾನಾದರೆ ಮೇಲಿನ ಮೂರರಲ್ಲೊಂದನ್ನೇ ಬರೆಯುತ್ತಿದ್ದೆ. ಇಳಿಸುವುದಾದರೆ ಅವರೇ ಇಳಿಸಲಿ.